ಬಿಸಿ ಪ್ಲಗ್ಗು, ತಣ್ಣನೆ ಪ್ಲಗ್ಗು

ತಣ್ಣೀರುಹಳ್ಳದ ದಸ್ತಗೀರಣ್ಣ
ನನ್ನ ಝೆನ್ನಿನ ಪ್ಲಗ್ಗುಗಳನ್ನು ಒಂದೊಂದೇ ಬಿಚ್ಚಿ
ಹಳೇ ಪೇಪರಿನ ಮೇಲೆ ಸಾಲಾಗಿ ಮಲಗಿಸಿದ,
ಹೆರಿಗೆ ವಾರ್ಡಿನಲ್ಲಿ ನಂಬರು ಕಟ್ಟಿದ ಕೂಸುಗಳ ಹಾಗೆ.
ನಾಲ್ಕಕ್ಕೆ ನಾಲ್ಕೂ ಮಸಿ.
"ಚೆನ್ನಾಗಿ ಉರಿಯೋ ಎಂಜಿನ್ನಿನ ಪ್ಲಗ್ಗು
ಒಣಗಿದ ಆಲೂಗಡ್ಡೆ ಸಿಪ್ಪೆ ಬಣ್ಣ ಇರಬೇಕು ಮೇಡಂ.
ಇದೇನು, ಸೌದೆ ಒಲೆ ಮೇಲಿನ ಗೋಡೆ!"

ನಾನು ಹೋಗಿದ್ದು ಬೇರೆಯದೇ ಕೇಳಲು.
ಸೀಗೆಗುಡ್ಡದ ಏರನ್ನು ಮೂರನೇ ಗೇರಿನಲ್ಲೇ
ಈ ಗಾಡಿ ಒಮ್ಮೆ ಹತ್ತಬೇಕು,
ಭಾನುವಾರ ಬೆಳಿಗ್ಗೆ, ಪಕ್ಕದ ಸೀಟು ಖಾಲಿ ಇರುವಾಗ.
ಇರಿಡಿಯಂ ಪ್ಲಗ್ಗು, ಹೊಸ ವಯರು,
ಗಾಳಿ ಜಾಸ್ತಿ ಎಳೆಯುವ ಕೆಂಪು ಫಿಲ್ಟರು:
ಕ್ಯಾಲೆಂಡರಿನ ಹಿಂದೆ ಪಟ್ಟಿ ಮಾಡಿ, ಕೂಡಿ,
ಮೊತ್ತ ನೋಡಿ ಹೊಡೆದುಹಾಕಿ
ಮತ್ತೆ ಅದನ್ನೇ ಬರೆದಿದ್ದೆ.

ಕನ್ನಡಕ ಹಣೆಗೇರಿಸಿ ಓದಿದ.
"ತಣ್ಣನೆ ಪ್ಲಗ್ಗು ಅಂತ ಬರೆದಿದ್ದೀರಿ.
ಅದು ಓಡೋ ಗಾಡಿಗೆ. ನಿಮ್ಮದು ಓಡುತ್ತಾ?"

ಓಡುವುದಿಲ್ಲ.
ತಲೆ ಮೇಲೆ ಹಳದಿ ಬೋರ್ಡು, ಹಿಂದೆ ಮುಂದೆ ಕೆಂಪು ಎಲ್ಲು,
ಎರಡು ಬ್ರೇಕು, ಎರಡು ಕ್ಲಚ್ಚು,
ಸಾಲಗಾಮೆ ರಸ್ತೆಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು
ಮೊದಲ ಗೇರು, ಎರಡನೇ ಗೇರು, ನಿಂತುಹೋಯಿತು.
ಮತ್ತೆ ಕೀ. ಮತ್ತೆ ಮೊದಲ ಗೇರು.
ಹದಿನಾಲ್ಕು ವರ್ಷದಿಂದ ಈ ಊರಿಗೆ
ಹಾಫ್ ಕ್ಲಚ್ಚು ಕಲಿಸುತ್ತಿದ್ದೇನೆ.
ಐದನೇ ಗೇರಿನ ಗುಬ್ಬಿ ಮೇಲಿನ ಅಂಕಿ ಇನ್ನೂ ಮಾಸಿಲ್ಲ.

"ನಿಧಾನದ ಗಾಡಿಗೆ ಬಿಸಿ ಪ್ಲಗ್ಗೇ ಸರಿ.
ಅದರ ಮಸಿ ಅದೇ ಸುಟ್ಕಳುತ್ತೆ.
ಗಾಡಿ ಹೆಂಗೆ ಬದುಕ್ತಾ ಇದೆಯೋ ಅದಕ್ಕೆ ಪ್ಲಗ್ಗು,
ಹೆಂಗೆ ಬದುಕಬೇಕು ಅಂತಿದೆಯೋ ಅದಕ್ಕಲ್ಲ."
ಗಾದೆ ಬೇಡ, ರೇಟು ಹೇಳು ಅಂದೆ.
ಕೋಪವೇ ಬಂದಿತ್ತು.

ಅವನು ಉತ್ತರ ಕೊಡದೆ ಡಿಕ್ಕಿ ತೆಗೆದ.
ಎಂಟು ಕೋನು, ಏರಿನಲ್ಲಿ ಚಕ್ರಕ್ಕೆ ಕೊಡುವ ಎರಡು ಸೈಜುಗಲ್ಲು,
ಸತ್ತ ಬ್ಯಾಟರಿ, ಯಾರದೋ ಛತ್ರಿ,
ಹೋದ ವರ್ಷದ ಕರಪತ್ರದ ಕಟ್ಟು.
"ಮೊದಲು ಇದನ್ನ ಇಳಿಸ್ಕಳಿ.
ಒಂದೆರಡು ಕುದುರೆ ಪುಕ್ಕಟೆ ಬಂದ್ವು."

ಕೆಂಪು ಫಿಲ್ಟರಿಗೆ ಅಡ್ಡಗೀಟು; ಅದು ಬರೀ ಸದ್ದು, ಧೂಳು.
ಮಾಮೂಲಿ ಕಾಗದದ್ದೇ ಹೊಸದು ಸಾಕು.
ವಯರು ಬದಲಿಸಲೇಬೇಕು. ಟೈರಿಗೆ ಎರಡು ಪೌಂಡು ಗಾಳಿ ಹೆಚ್ಚು.
ಇರಿಡಿಯಮ್ಮಿನ ದುಡ್ಡಲ್ಲಿ
ತಾಮ್ರದ್ದು ಎರಡು ಸೆಟ್ಟು ಬರುತ್ತೆ:
ವಾರಕ್ಕೆ ಬಿಸಿ, ಭಾನುವಾರಕ್ಕೆ ತಣ್ಣನೆಯದು.
"ಆದರೆ ಬದಲಿಸೋಕೆ ನಾನು ಬರಲ್ಲ."

ಪಾನಾ ನನ್ನ ಕೈಗೆ ಬಂತು.
ಸಂದಿಗೆ ತಗಡಿನ ಗೇಜು ತೂರಿಸಿ
ತಡೆಯಬೇಕು, ಸಿಕ್ಕಿಕೊಳ್ಳಬಾರದು, ಅಂದ.
ಮೊದಲು ಬರಿ ಬೆರಳಲ್ಲೇ ತಿರುಗಿಸಬೇಕಂತೆ;
ತ್ರೆಡ್ಡು ಅಡ್ಡ ಕೂತರೆ ಹೆಡ್ಡೇ ಹೋಯಿತು.
ವಾಷರು ತಾಗಿದ ಮೇಲೆ ಅರ್ಧ ಸುತ್ತು.
ಮೂರನೆಯದಕ್ಕೆ ಕೈ ನಡುಗಿತು.
"ಭಯ ಬೇಡ. ಬಲವೂ ಬೇಡ."
ನಾನು ದಿನಾ ಹತ್ತು ಜನಕ್ಕೆ ಹೇಳುವ ಮಾತು,
ಹೇಳಿಸಿಕೊಂಡಾಗ ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಭಾನುವಾರ ಬೋರ್ಡು ಬಿಚ್ಚಿಟ್ಟು ಹೊರಟೆ.
ಗುಡ್ಡದ ಕೊನೇ ತಿರುವಿಗೆ ಒಂದು ಹಸು ಅಡ್ಡ ನಿಂತಿತ್ತು.
ಎರಡನೇ ಗೇರಿಗೆ ಇಳಿಸಬೇಕಾಯಿತು.
ಅಲ್ಲಿಯವರೆಗಿನದು, ಮಾತ್ರ,
ಯಾರಿಗೂ ಹೇಳಿಲ್ಲ.

ಸೋಮವಾರ ಪ್ಲಗ್ಗು ಬದಲಿಸಲಿಲ್ಲ.
ಬಿಸಿಯವು ನಾಲ್ಕೂ ಹಾರ್ಲಿಕ್ಸ್ ಬಾಟಲಿಯಲ್ಲಿ, ಸೀಟಿನ ಕೆಳಗೆ.
ಬುಧವಾರಕ್ಕೆ ಮಸಿ ಹಿಡಿಯುತ್ತದೆ, ಗೊತ್ತು.
ಆರೂ ಕಾಲಿಗೆ ಅಂಗನವಾಡಿ ಟೀಚರು ಕೆಂಚಮ್ಮ
ಸೆರಗು ಸಿಕ್ಕಿಸಿಕೊಂಡು ಕೂತರು, ಕನ್ನಡಿ ಸರಿಮಾಡಿಕೊಂಡರು,
ಕ್ಲಚ್ಚು ಬಿಟ್ಟರು.
ಗಾಡಿ ಚಂಗನೆ ಚಿಮ್ಮಿತು.
"ಅಯ್ಯೋ, ಇವತ್ತು ಇದಕ್ಕೇನಾಗಿದೆ ಮೇಡಂ!"
ನನ್ನ ಕಾಲು ನನ್ನ ಬ್ರೇಕಿನ ಮೇಲೆ ಹೋಗಿ ಕೂತಿತು.
ಒತ್ತಲಿಲ್ಲ.